ಮೂರನೇ ಸಾಲು

ಚೌಬಾರದ ಹಿಂದಿನ ಗಲ್ಲಿ, ಬಿದ್ರಿ ಕಾರ್ಖಾನೆಯ ಅಟ್ಟ.
ಶನಿವಾರ ಸಂಜೆ ನಾವು ನಾಲ್ವರು,
ಇಪ್ಪತ್ತು ಮುಖದ ದಾಳ ಒಂದು.

ಕತೆ ನಡೆಸುವ ವೈಜಿನಾಥ ಕೇಳಿದ:
"ನುಸ್ರತ್, ನಿನ್ನ ಮಾಟಗಾತಿ ಛಲೋದಾಕೋ, ಕೆಟ್ಟಾಕೋ?"
ಹಾಳೆಯ ಮೂರನೇ ಸಾಲಿನಲ್ಲಿ ಬರೆದೆ: ಕೆಟ್ಟಾಕಿ.
ಮನೆಯಲ್ಲಿ ಛಲೋದಾಕಿಯಾಗಿ ಸಾಕಾಗಿತ್ತು.

ಬೆಂಕಿ ಎಸೆಯಬಲ್ಲೆ, ಸತ್ತವರನ್ನು ಎಬ್ಬಿಸಬಲ್ಲೆ.
ಗಾಯ ಮಾಯಿಸುವ ಮಂತ್ರ ಮಾತ್ರ ದಿನಕ್ಕೊಂದೇ.

ಸುರಂಗಬಾವಿಯೊಳಗೆ ಘಾಳೆಪ್ಪನ ಯೋಧ ಬಿದ್ದ.
ನನಗೆ ಬೇಕಿದ್ದದ್ದು ಅವನ ಖಡ್ಗ.
ದಾಳ ಉರುಳಿತು ಸತುವಿನ ಪುಡಿಯ ಮೇಲೆ,
ಹತ್ತೊಂಬತ್ತು.
ಮಂತ್ರ ತಾನೇ ಬಾಯಿಗೆ ಬಂತು.

"ಇಕಿ ಹ್ಯಾಂಗ ಕೆಟ್ಟಾಕಿ?"
ವೈಜಿನಾಥ ರಬ್ಬರು ಚಾಚಿದ.

ಕೆಳಗೆ ಅಬ್ಬಾ
ಕೋಟೆಯ ಮಣ್ಣು ನಾಲಗೆಗಿಟ್ಟು ನೋಡುತ್ತಿದ್ದರು,
ಕಪ್ಪು ಹಿಡಿದೀತೋ ಇಲ್ಲವೋ ಎಂದು.

ನಾನು ಅಳಿಸಲಿಲ್ಲ.
ಖಡ್ಗವನ್ನೂ ತೆಗೆದುಕೊಂಡೆ.