ನೋಂದಣಿ ಚೀಟಿ, ಪೆನ್ಸಿಲಿನಲ್ಲಿ

ಹಾಚಿನೋಹೆ ಬಂದರಿನ ನಮ್ಮ ಪುಟ್ಟ ಮ್ಯೂಸಿಯಮ್ಮಿಗೆ
ಬಾಗಿಲು ಮುಚ್ಚಿದ ಸ್ಟುಡಿಯೋ ಒಂದು ದಾನ ಕೊಟ್ಟಿದ್ದು
ಉಮಿಗಾನೆಯನ್ನು.
ನಾಲ್ಕು ಸಿನಿಮಾಗಳಲ್ಲಿ ಹನ್ನೊಂದು ಸೇತುವೆ ಮುರಿದದ್ದು
ಮೀನಿನ ಲಾರಿಯಲ್ಲಿ ಬಂತು,
ಮಂಜುಗಡ್ಡೆಯ ಡಬ್ಬಗಳ ನಡುವೆ, ಮಂಡಿ ಮಡಚಿಕೊಂಡು.

ಇಲ್ಲಿಗೆ ಬಂದದ್ದಕ್ಕೆಲ್ಲ ಒಂದು ಚೀಟಿ ಬರೆಯಬೇಕು:
ವಂಶ, ವರ್ಗ, ಗಣ, ಕುಟುಂಬ, ಕುಲ.
'ಏನಾದರೂ ಬರೆದುಬಿಡಿ, ನಿಶಿಗೋರಿ' ಅಂದರು ಮೇಲಿನವರು, ನಗುತ್ತ.
ನಾನು ನಗಲಿಲ್ಲ. ಮೂವತ್ತು ವರ್ಷ
ಹಡಗಿನ ತಳಕ್ಕಂಟಿದ ಬಾರ್ನಕಲ್‌ಗಳನ್ನು ಎಣಿಸಿದವಳು;
ಅವನ್ನೂ ಒಂದು ಕಾಲಕ್ಕೆ ಕಪ್ಪೆಚಿಪ್ಪಿನ ಬಳಗ ಎಂದೇ ನಂಬಿದ್ದರು,
ಮರಿಯ ಕಾಲು ಕಾಣುವ ತನಕ.

ಮೊದಲು ಬೆನ್ನು. ಹುರುಪೆ ಇದೆ, ಒಂದರ ಮೇಲೊಂದು ಹೊದ್ದಿಲ್ಲ,
ಪಕ್ಕಪಕ್ಕ ಕೂತಿವೆ, ಮೊಸಳೆಗೆ ಇದ್ದಂತೆ. ಸರೀಸೃಪ?
ಆದರೆ ಎರಡನೆಯ ಸಿನಿಮಾದಲ್ಲಿ ಹಿಮದ ಮೇಲೆ ನಿಂತು
ಬಾಯಿಂದ ಹಬೆ ಬಿಡುತ್ತದೆ. ತಣ್ಣನೆ ನೆತ್ತರಿಗೆ ಎಲ್ಲಿಯ ಹಬೆ?
ಬಾಲ ಆಡುವುದು ಅಡ್ಡಡ್ಡ;
ತಿಮಿಂಗಿಲದ ಕಡೆಯವನಾದರೆ ಮೇಲೆ ಕೆಳಗೆ ಬಡಿಯಬೇಕಿತ್ತು.
ಕಣ್ಣು ಮುಚ್ಚುವಾಗ ಕೆಳರೆಪ್ಪೆ ಮೇಲೇರುತ್ತದೆ, ಹಕ್ಕಿಯ ಚಾಳಿ.
ಹೊಟ್ಟೆಯ ಮೇಲೆ ಹೊಕ್ಕುಳಿಲ್ಲ, ಉದ್ದಕ್ಕೆ ಒಂದು ಹೊಲಿಗೆ.
ಐವತ್ತು ಮೀಟರ್ ಎನ್ನುತ್ತದೆ ಪೋಸ್ಟರು.
ಎತ್ತರ ಎರಡರಷ್ಟಾದರೆ ತೂಕ ಎಂಟರಷ್ಟು;
ಆ ಲೆಕ್ಕಕ್ಕೆ ಅದರ ತೊಡೆಮೂಳೆ
ಮೊದಲ ಹೆಜ್ಜೆಗೇ ಹಪ್ಪಳ.
ಹಾಗಾದರೆ ಮೂಳೆಯೇ ಇಲ್ಲವೆ? ಅಂಬಲಿಮೀನಿನ ದೂರದ ನಂಟ?

ಬೊಂಡಾಸ್ ಒಣಗಿಸುವ ತೆರುಯಿ ಕಿಟಕಿಯಿಂದ ಇಣುಕಿದಳು:
'ಸತ್ತು ಎಷ್ಟು ದಿನಕ್ಕೆ ನಾರುತ್ತದೆ ಅಂತ ಹೇಳಿ,
ಯಾವ ಜಾತಿ ಅಂತ ನಾನು ಹೇಳುತ್ತೇನೆ.'
ಒಳಗೆ ಬಂದು ಮೂಸಿದಳು. ರಬ್ಬರು, ಕರ್ಪೂರ, ಹಳೇ ಬೆವರು.
ಏನೂ ಹೇಳದೆ ಹೋದಳು.

ಕೊರಳ ಎರಡೂ ಕಡೆ ಐದೈದು ಸೀಳು. ಕಿವಿರು!
'ಮೀನು' ಎಂದು ಬರೆದು, ದೀಪ ಆರಿಸಿ, ಮನೆಗೆ ಹೋಗಿ ಮಲಗಿದೆ.

ಮರುದಿನ ಬಂದವರು ತೊಮೊಯೆ ಶಿರಾಹಾಮಾ, ಎಂಬತ್ತನಾಲ್ಕು ವಯಸ್ಸು,
ಇದನ್ನು ಹೊಲಿದವರು. ಸೀಳಿನೊಳಗೆ ಬೆರಳಿಟ್ಟರು.
'ಇವು ಮೊದಲು ಇರಲಿಲ್ಲ. ಒಳಗಿದ್ದ ಹುಡುಗ
ದೀಪಗಳ ಧಗೆಗೆ ಎರಡು ಸಲ ಎಚ್ಚರ ತಪ್ಪಿದ.
ಊಟದ ಬಿಡುವಿನಲ್ಲಿ ಕತ್ತರಿ ತಗೊಂಡು ನಾನೇ ಸೀಳಿದೆ.
ನಿರ್ದೇಶಕರು ಬೈದರು. ಆಮೇಲೆ ಅವರಿಗೂ ಇಷ್ಟವಾಯಿತು.'
ಹುಡುಗನ ಹೆಸರೇನು, ಕೇಳಿದೆ.
'ಪರದೆಯ ಮೇಲೆ ಬರಲಿಲ್ಲ' ಎಂದರು,
ಬಾಲದ ತುದಿಯಲ್ಲಿ ಬಿಚ್ಚಿಕೊಂಡ ನೂಲನ್ನು ಹಲ್ಲಿನಿಂದ ಕಡಿದರು.

'ಮೀನು' ಅಳಿಸಿದೆ. ಮತ್ತೆ ಬರೆದೆ:
ಉಸಿರು ಸಿಕ್ಕದಾಗ ಮೈ ಸೀಳಿ ಬಂದ ಅಂಗಕ್ಕೆ
ಕಿವಿರು ಅನ್ನದೆ ಇನ್ನೇನನ್ನಲಿ?
ಹೊಲಿಗೆ ಬಿಚ್ಚಿ ಟಾರ್ಚು ಹಿಡಿದರೆ, ಎದೆಯ ಒಳಮೈಗೆ
ಉಪ್ಪಿನ ಬಿಳಿ ಗೆರೆಗಳು, ಇಳಿತದಲ್ಲಿ ಬಂಡೆ ಕಾಣುವಂತೆ,
ಒಂದರ ಕೆಳಗೊಂದು. ನಾಲ್ಕು ಬೇಸಿಗೆ.
ಬೆವರುತ್ತದೆ, ಹಾಗಾದರೆ.
ಸಸ್ತನಿ, ಹಾಗಾದರೆ. ಮತ್ತೆ ಅಳಿಸಿದೆ, ಕಾಗದ ತೆಳುವಾಯಿತು.

ಅಲ್ಲೇ ಇತ್ತು ಒಂದು ಹುಳು,
ಅಕ್ಕಿಕಾಳಿಗಿಂತ ಚಿಕ್ಕದು, ಮೈತುಂಬ ಕಂದು ಕೂದಲು,
ಕಂಬಳಿ ದುಂಬಿಯ ಮರಿ. ಅದರ ವಂಶ, ಗಣ, ಕುಟುಂಬ, ಕುಲ
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.
ಹನ್ನೊಂದು ಸೇತುವೆ ಮುರಿದದ್ದನ್ನು ಅದು
ಉಣ್ಣೆಯ ಅಸ್ತರಿನ ಕಡೆಯಿಂದ, ಅವಸರವಿಲ್ಲದೆ,
ತಿನ್ನುತ್ತಿತ್ತು.

ಸಂಜೆ ಶಾಲೆಯ ಮಕ್ಕಳು. 'ಇದು ಮೊಟ್ಟೆ ಇಡುತ್ತದಾ?'
'ಇರುವುದು ಒಂದೇ' ಅಂದೆ. 'ಜೊತೆ ಸಿಕ್ಕಿದ್ದರೆ ತಿಳಿಯುತ್ತಿತ್ತು.'
ಮುಂಗಾಲಲ್ಲಿ ನಿಂತ ಹುಡುಗಿಯೊಬ್ಬಳು, ನಾನು ತಡೆಯುವ ಮೊದಲೇ,
ಸೀಳಿಗೆ ಬಾಯಿಟ್ಟು ಊದಿದಳು.
ಕೊರಳಿನ ರಬ್ಬರು ತುಸು ಅದುರಿತು.

ಕುಲದ ಖಾನೆ ಇನ್ನೂ ಖಾಲಿ.
'ದೊರೆತ ಸ್ಥಳ' ಮಾತ್ರ ಶಾಯಿಯಲ್ಲಿ ತುಂಬಿದ್ದೇನೆ:
ಮೀನಿನ ಲಾರಿ, ಮಂಜುಗಡ್ಡೆಯ ಡಬ್ಬಗಳ ನಡುವೆ.