ಸ್ಥಳೀಯ ಹೆಸರು

ನಮೂನೆಯ ಏಳನೇ ಕಾಲಂ: ಸ್ಥಳೀಯ ಹೆಸರು.
ಅಗಲ ಎರಡು ಬೆರಳು.
ಸಸ್ಯಸಂಗ್ರಹಾಲಯದವರು ಅಳೆದು ಕೊಟ್ಟದ್ದು ಅಷ್ಟೇ.
ಹಳೇ ಪತ್ರಿಕೆ, ದಾರದುಂಡೆ, ಮೊನೆ ಮುರಿದ ಪೆನ್ಸಿಲು ಹೊತ್ತು
ಸೊಕೊನುಸ್ಕೊ ಕರಾವಳಿಯ ಬಿಸಿಲಲ್ಲಿ
ಬೇಲಿಯಿಂದ ಬೇಲಿಗೆ ಕೇಳುತ್ತ ಹೊರಟವಳು ನಾನು,
ಇದಕ್ಕೇನಂತೀರಿ? ಅದಕ್ಕೆ?

ಮರ ಒಂದೇ. ತಾಮ್ರದ ಬಣ್ಣ,
ಎಣ್ಣೆಗಾಗದದಂತೆ ಸುಲಿಯುವ ತೊಗಟೆ, ಅಡಿಯಲ್ಲಿ ಹಸಿರು ಮೈ.
ಲ್ಯಾಟಿನ್ನಿನಲ್ಲಿ ಇದಕ್ಕೊಂದೇ ಹೆಸರು, ಅದು ಇಲ್ಲಿ ಯಾರಿಗೂ ಬೇಡ.
ಕೋಸ್ತಾ ರೀಕಾದಲ್ಲಿ ಇಂದಿಯೊ ದೆಸ್ನೂದೊ, ಬೆತ್ತಲೆ ಇಂಡಿಯನ್.
ನಮ್ಮ ಮೆಕ್ಸಿಕೋದಲ್ಲಿ ಪಾಲೊ ಮುಲಾತೊ,
ಬೆರಕೆ ರಕ್ತದವರ ಬಣ್ಣ ಹಿಡಿದು ಆಡಿದ್ದು.
ಬೀಚಿನಲ್ಲಿ ಮೈ ಸುಟ್ಟುಕೊಂಡ ಬಿಳಿಯರು ಬಂದ ಮೇಲೆ
ದಡದ ಹುಡುಗರು ತುರೀಸ್ತಾ ಎಂದೂ ಕರೆದರು.
ಎಲ್ ಸಾಲ್ವದೋರಿನಲ್ಲಿ ಹಿಯೋತೆ,
ಅಂದರೆ ಹುಳುಕಡ್ಡಿ.
ಕ್ಯೂಬಾದವರು ಮಾತ್ರ ಅಲ್ಮಾಸಿಗೊ ಅಂತಾರೆ.
ಅದು ಅಂಟಿನ ಪರಿಮಳ. ಯಾರ ಚರ್ಮದ ಸುದ್ದಿಗೂ ಹೋಗದ ಹೆಸರು.

ದೋನ್ಯಾ ಎದೆಲ್ಮೀರಾ ಗೂಟ ಕಡಿಯುತ್ತಿದ್ದಳು.
ಕತ್ತಿ ನಿಲ್ಲಿಸದೆ ಕೇಳಿದಳು:
ಹೆಸರು ಕೇಳ್ತಿರೋದು ನೀನೋ, ಸರ್ಕಾರವೋ?
ನಾನೇ, ಅಂದೆ.
ಹಾಗಾದರೆ ಕೂತುಕೋ.

ಎಂಬತ್ತೆರಡನೇ ಇಸವಿ. ವೀಸ್ತ್ಲಾದ ಚೌಕಿ.
ಚಲಾತೆನಾಂಗೊದಿಂದ ಹೊರಟು ಹದಿನಾಲ್ಕು ದಿನ,
ಕಾಗದಪತ್ರ ಕೊಂಡದ್ದು, ಸುಳ್ಳಾದರೂ ಚೊಕ್ಕಟ.
ಹಿಂದಿನ ರಾತ್ರಿ ಪಪ್ಪಾಯಿ ಮಾರುವ ಹೆಂಗಸೊಬ್ಬಳು
ಇಬ್ಬರಿಗೂ ಕಲಿಸಿದ್ದಳು: ಇಲ್ಲಿ ಇದನ್ನು ಹೀಗನ್ನಬೇಕು, ಅದನ್ನು ಹಾಗೆ.
ಅಧಿಕಾರಿ ಕಾಗದ ಮುಟ್ಟಲೇ ಇಲ್ಲ.
ಬಸ್ಸಿನ ಕಿಟಕಿಯಾಚೆ ಗಲ್ಲ ಎತ್ತಿ ಕೇಳಿದ,
ಆ ಕೆಂಪು ಮರ ಏನು?

ತಮ್ಮ ತಿಬುರ್ಸಿಯೊ. ಹದಿನೇಳು ವರ್ಷ.
ಐದನೇ ವಯಸ್ಸಿನಿಂದ ಆ ಮರದ ಗೂಟ ಹೊತ್ತವನು.
ಅವನ ನಾಲಿಗೆ ಅವನಿಗಿಂತ ಮೊದಲೇ
ಬಸ್ಸಿನಿಂದ ಇಳಿದುಹೋಯಿತು.
ಹಿಯೋತೆ, ಅಂದ.

ಮುಂದಿನ ಸೀಟು ನನ್ನದು.
ಮುಲಾತೊ, ಸಾಹೇಬರೆ, ಅಂದೆ.
ಇವನು ನಿನ್ನ ಜೊತೆಯವನಾ?
ಅಲ್ಲ, ಅಂದೆ.

ಇಷ್ಟು ಹೇಳಿ ಗೂಟದ ತುದಿ ಓರೆಯಾಗಿ ಕೊಯ್ದಳು,
ಮಳೆನೀರು ನಿಲ್ಲಬಾರದಂತೆ.
ಅಂಟು ಬೆರಳಿಗೆ ಹತ್ತಿತು. ಸೆರಗಿಲ್ಲದ ಊರು,
ಲಂಗಕ್ಕೆ ಒರೆಸಿಕೊಂಡಳು.
ಆಮೇಲೆ? ಕೇಳಲಿಲ್ಲ ನಾನು.
ಬೇಲಿ ಉದ್ದಕ್ಕೆ ನಿಂತಿತ್ತು, ನೂರಾರು ಗೂಟ,
ಬೇರಿಲ್ಲದೆ ನೆಟ್ಟವು, ಎಲ್ಲವೂ ಎಲೆ ಬಿಟ್ಟು.
ಕೆಲವನ್ನು ತಲೆಕೆಳಗಾಗಿ ನೆಟ್ಟಿದ್ದೆ ಒಂದು ವರ್ಷ, ಅಂದಳು,
ಸಿಟ್ಟಿಗೆ. ಅವೂ ಚಿಗುರಿದವು, ಹಾಳಾದವು.

ಬರೆದುಕೋ: ಪಾಲೊ ಮುಲಾತೊ.
ಬರೆದುಕೊಂಡೆ. ಎರಡು ಬೆರಳಲ್ಲಿ ಸರಿಯಾಗಿ ಹಿಡಿಸಿತು.
ಅವಳು ಗೂಟವನ್ನು ಹೆಗಲಿಗೇರಿಸುವಾಗ
ದನಕ್ಕೋ ಮಗುವಿಗೋ ಹೇಳುವ ಹಾಗೆ
ಬಾ ಹಿಯೋತೆ, ಅಂದದ್ದು
ನಮೂನೆಯಲ್ಲಿಲ್ಲ.

ಪಕ್ಕದ ಗಿಡ ನಸುಗೆಂಪು ಹೂ ಬಿಟ್ಟಿತ್ತು, ಮೈತುಂಬ ಜೇನುಹುಳ.
ಇದಕ್ಕೆ ಅವಳ ತವರಲ್ಲಿ ಮಾದ್ರೆಕಕಾಓ, ಕೋಕೋ ಗಿಡದ ತಾಯಿ.
ಈ ಸೀಮೆಯ ಸೊಕೆಯರ ಬಾಯಲ್ಲಿ ಕುಚುನುಕ್,
ಹೂವನ್ನು ಜೋಳದ ಹಿಟ್ಟಿಗೆ ಕಲಸಿ ಬೇಯಿಸುತ್ತಾರೆ.
ಕೊಲೊಂಬಿಯಾದಲ್ಲಿ ಮಾತಾರತೋನ್.
ಮಾತಾ ಅಂದರೆ ತಾಯಿ ಅಂದುಕೊಳ್ಳಬೇಡಿ,
ಕೊಲ್ಲು ಅಂತ. ಇಲಿ ಕೊಲ್ಲು.
ತೊಗಟೆ ಅರೆದು ಜೋಳಕ್ಕೆ ಬೆರೆಸಿ ಇಟ್ಟರೆ ಇಲಿ ಸಾಯುತ್ತದೆ,
ನೆರಳಿಗೆ ನೆಟ್ಟರೆ ಕೋಕೋ ಬದುಕುತ್ತದೆ.
ಏಳನೇ ಕಾಲಮ್ಮಿಗೆ ಇದೆಲ್ಲ ಯಾಕೆ?

ನಿಮ್ಮ ಕಡೆ ಏನಂತಾರೆ, ಅಂತ ಕೇಳಿದಳು ಎದೆಲ್ಮೀರಾ.
ಇಡೀ ದಿನದಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ.
ವೆರಾಕ್ರೂಸಿನಲ್ಲಿ ಕೊಕುಯಿತೆ, ಅಂದೆ.
ಬಾಯೊಳಗೆ ಎರಡು ಸಲ ಹೊರಳಿಸಿ ನೋಡಿದಳು,
ಕೊಕುಯಿತೆ, ಕೊಕುಯಿತೆ,
ಮೊಟ್ಟೆ ಇಟ್ಟ ಕೋಳಿ ಕೂಗಿದ ಹಾಗಿದೆ, ಅಂತ ನಕ್ಕು,
ಗೂಟ ಹೊತ್ತು ಬೇಲಿಯಾಚೆ ನಡೆದಳು.