ಮೂರನೆಯ ನಳಿಕೆ

ಮೊದಲ ನಳಿಕೆ ಬಂದಾಗ ಲಮಾರಾಳನ್ನು ಬೈದೆ:
ಸೂಜಿ ಚುಚ್ಚಲೂ ಬಾರದೇ ನಿನಗೆ?
ಪ್ಲಾಸ್ಮಾ ಒಣಹುಲ್ಲಿನ ಬಣ್ಣ ಇರಬೇಕು,
ಇದು ದಾಳಿಂಬೆ ತೊಳೆದ ನೀರು.
ಎರಡನೆಯದೂ ಹಾಗೇ.

ಮೂರನೆಯದಕ್ಕೆ ನಾನೇ ಹೋದೆ.
ಕುತಾಯಿಸಿಯ ಹಳೇ ಆಸ್ಪತ್ರೆ, ಕಿಟಕಿಯಾಚೆ
ರಿಯೋನಿ ಹೊಳೆ ಕಲ್ಲುಗಳ ಜೊತೆ ಗೊಣಗುತ್ತಿತ್ತು.
ಒತಿಯಾ. ದ್ರಾಕ್ಷಾರಸ ಹೂಳಿಡುವ ಗುಡಾಣ ಮಾಡುವವನು.
ಉಗುರ ಸಂದಿಯಲ್ಲಿ ಇನ್ನೂ ಜೇಡಿ.
'ಬೆಳಿಗ್ಗೆ ಉಚ್ಚೆ ಕಡು ಚಹಾದ ಹಾಗೆ,
ಮಧ್ಯಾಹ್ನದ ಹೊತ್ತಿಗೆ ತಿಳಿ' ಅಂದ.

ಮೆಲ್ಲಗೆ ಎಳೆದೆ. ಯಂತ್ರದಲ್ಲಿ ತಿರುಗಿಸಿದೆ.
ಮತ್ತೆ ದಾಳಿಂಬೆ.
ಒಡೆದದ್ದು ಸೂಜಿಯಲ್ಲಲ್ಲ, ಅವನೊಳಗೇ, ರಾತ್ರಿಯಿಡೀ.

'ಹೂತ ಗುಡಾಣ ಬಿರಿದರೆ ಹೇಗೆ ತಿಳಿಯುತ್ತದೆ?' ಕೇಳಿದ್ದೆ.
'ನಮಗಿಂತ ಮೊದಲು ಇರುವೆಗಳಿಗೆ.'

ಹೌದು. ಕೆಂಪುಕಣ ಬಿರಿದಲ್ಲಿ ಎಡಿಪಿ ಚೆಲ್ಲುತ್ತದೆ,
ಜಾಡು ಹಿಡಿದು ಪ್ಲೇಟ್‌ಲೆಟ್‌ಗಳು ಬರುತ್ತವೆ;
ಗಾಯ ಎಲ್ಲಿ ಎಂದು ಕೇಳುವುದಿಲ್ಲ,
ಒಂದಕ್ಕೊಂದು ಅಂಟಿ ಕೂರುತ್ತವೆ.
ಒಳಗಿದ್ದಷ್ಟು ದಿನ ಉಸಿರು ಹೊತ್ತ ಹಿಮೋಗ್ಲೋಬಿನ್
ಹೊರಬಿದ್ದದ್ದೇ
ನಾಳವನ್ನು ಸಡಿಲವಾಗಿಡುವ ಅನಿಲವನ್ನೇ ನುಂಗುತ್ತದೆ.
ದಾರಿ ಬಿಗಿಯುತ್ತದೆ.
ಯಾರೂ ಕೊಯ್ಯದ ಕಡೆ ಹೆಪ್ಪು:
ಸ್ಕ್ಯಾನಿನಲ್ಲಿ, ಅವನ ಯಕೃತ್ತಿನ ನಾಳದಲ್ಲಿ,
ಮಸುಕಾಗಿ, ದ್ರಾಕ್ಷಿ ಬೀಜದಷ್ಟು.

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ
ನಿನ್ನೆಯ ಮೊಸರು ಹಾಕಹೋಗಿ ಕೈ ನಿಂತಿತು.
ಒಂದೇ ಚಮಚ. ಇಡೀ ಪಾತ್ರೆಗೆ.

ಫಾರಮ್ಮಿನಲ್ಲಿ 'ಕೆಟ್ಟ ಮಾದರಿ' ಎಂಬುದನ್ನು
ಹೊಡೆದುಹಾಕಿ ಬರೆದು ಬಂದಿದ್ದೇನೆ: ಮಾದರಿ ಸರಿಯಿದೆ.

ಲಮಾರಾಳಿಗೆ ಮಾತ್ರ ಇನ್ನೂ
ಏನೂ ಹೇಳಿಲ್ಲ.